ಹತ್ತು ರೂಪಾಯಿ ಷೇರು

ಅಹಮದಾಬಾದಿನ ಪೇಟೆಗಳಲ್ಲಿ ತರಕಾರಿ ಮಾರುತ್ತಿದ್ದ ಹೆಂಗಸರಿಗೆ 1970ರ ಸುಮಾರಿನಲ್ಲಿ ಬಂಡವಾಳ ಎಂದರೆ ಬೆಳಗಿನ ಕೈಸಾಲ. ನಸುಕಿನಲ್ಲಿ ಐವತ್ತು ರೂಪಾಯಿ ತಂದು ಮಾಲು ಹಾಕಿಕೊಂಡರೆ, ಸಂಜೆ ಐವತ್ತೈದು ತೀರಿಸಬೇಕು. ಒಂದೇ ದಿನಕ್ಕೆ ನೂರಕ್ಕೆ ಹತ್ತು ಬಡ್ಡಿ! ಎಷ್ಟೋ ಜನರ ತಳ್ಳುಗಾಡಿಯೂ ಬಾಡಿಗೆಯದೇ. ಸ್ವಂತದ್ದೊಂದು ಗಾಡಿ, ಸ್ವಂತದ್ದೊಂದು ಹೊಲಿಗೆ ಯಂತ್ರ, ಮಳೆಗೆ ಸೋರದ ಸೂರು: ಕನಸು ಇಷ್ಟೇ. ಅದಕ್ಕೆ ಬೇಕಾದ ದುಡಿಮೆಯನ್ನು ಅವರು ದಿನವೂ ಮಾಡುತ್ತಿದ್ದರು. ಸಂಜೆ ಸೆರಗಿನ ಗಂಟಿನಲ್ಲಿ ಉಳಿದ ಒಂದೆರಡು ರೂಪಾಯಿಯನ್ನು ಇಡಲು ಮಾತ್ರ ತಾವಿರಲಿಲ್ಲ. ಮನೆಯಲ್ಲಿಟ್ಟ ದುಡ್ಡು ಉಳಿಯುವುದಿಲ್ಲ. ಬ್ಯಾಂಕಿಗೆ ಹೋದರೆ ಅಷ್ಟು ಚಿಲ್ಲರೆ ತಂದವಳನ್ನು ಮಾತಾಡಿಸುವವರಿಲ್ಲ.

ಸೂರತ್ತಿನಲ್ಲಿ ಬೆಳೆದು, ಅಹಮದಾಬಾದಿನಲ್ಲಿ ಕಾನೂನು ಓದಿ, 1955ರಲ್ಲಿ ಅಲ್ಲಿನ ಗಿರಣಿ ಕಾರ್ಮಿಕರ ಸಂಘ ‘ಮಜೂರ್ ಮಹಾಜನ’ಕ್ಕೆ ಸೇರಿದ ಇಳಾ ಭಟ್ ಇದನ್ನು ಹತ್ತಿರದಿಂದ ಕಂಡವರು. ತಲೆಹೊರೆಯವರು, ಗಾಡಿ ಎಳೆಯುವವರು, ಚಿಂದಿ ಬಟ್ಟೆಯಿಂದ ಕೌದಿ ಹೊಲಿಯುವವರನ್ನೆಲ್ಲ ಸೇರಿಸಿ 1972ರಲ್ಲಿ ‘ಸೇವಾ’ ಸಂಘ ಕಟ್ಟಿದರು. ಮಾಲೀಕನೇ ಇಲ್ಲದವರಿಗೆ ಕಾರ್ಮಿಕ ಸಂಘ ಯಾಕೆ ಎಂದು ಕಾರ್ಮಿಕ ಇಲಾಖೆ ಮೊದಲು ತಕರಾರು ತೆಗೆಯಿತು. ಅದನ್ನು ದಾಟಿದ ಮೇಲೆ, ನಮ್ಮದೇ ಒಂದು ಬ್ಯಾಂಕು ಯಾಕಾಗಬಾರದು ಎಂದು ಸದಸ್ಯೆಯರೇ ಕೇಳಿದರು. ವಡೋದರದಲ್ಲಿ 1908ರಲ್ಲಿ ಬ್ಯಾಂಕ್ ಆಫ್ ಬರೋಡ ಶುರುವಾದಾಗ ಅದರ ಹಿಂದೆ ಮಹಾರಾಜ ಸಯಾಜಿರಾವ್ ಗಾಯಕವಾಡರಿದ್ದರು. ಇಲ್ಲಿ ಇದ್ದವರು ತಲೆಗೆ ಹತ್ತು ರೂಪಾಯಿಯ ಷೇರು ಹಣ ಹಿಡಿದ ನಾಲ್ಕು ಸಾವಿರ ಹೆಂಗಸರು.

ನೋಂದಣಿಗೆ ಅಡ್ಡ ಬಂದದ್ದು ಸಹಿ. ಓದುಬರಹ ಬಾರದವರು ಬ್ಯಾಂಕು ನಡೆಸುವುದು ಹೇಗೆ ಎಂಬುದು ಅಧಿಕಾರಿಗಳ ಪ್ರಶ್ನೆ. ಪ್ರವರ್ತಕರಾಗಿ ಸಹಿ ಹಾಕಬೇಕಿದ್ದ ಹದಿನೈದು ಮಂದಿ ರಾತ್ರಿಯಿಡೀ ಕೂತು ತಮ್ಮ ಹೆಸರು ತಿದ್ದಿದರು. ಸಹಿ ಎಂದರೆ ಒಮ್ಮೆ ಬರೆದರೆ ಸಾಲದು, ಪ್ರತಿ ಕಾಗದದ ಮೇಲೂ ಅದೇ ರೂಪದಲ್ಲಿ ಬೀಳಬೇಕು. ಹೊರೆ ಹೊತ್ತು, ಸೂಜಿ ಹಿಡಿದು ಪಳಗಿದ ಆ ಕೈಗಳಿಗೆ ಪೆನ್ನು ಹೊಸದು. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ಘಟನೆಯಾಗಿ ಕಾಣುವುದು ಆ ರಾತ್ರಿಯೇ. ಬ್ಯಾಂಕು ಎಂಬ ಬೆಟ್ಟದಂಥ ಕನಸು ಅಂದು ಹೆಸರಿನ ನಾಲ್ಕು ಅಕ್ಷರಗಳಿಗೆ ಇಳಿದು ಬಂದಿತ್ತು. ಅಷ್ಟು ಕೆಲಸವನ್ನು ಬೆಳಗಾಗುವುದರೊಳಗೆ ಮಾಡಿ ಮುಗಿಸಬಹುದಿತ್ತು, ಮಾಡಿ ಮುಗಿಸಿದರು. 1974ರಲ್ಲಿ ಶ್ರೀ ಮಹಿಳಾ ಸೇವಾ ಸಹಕಾರಿ ಬ್ಯಾಂಕು ತೆರೆಯಿತು.

ಉಳಿದ ಖಾತೆದಾರರಿಗೆ ಸಹಿಯ ಬದಲು ಫೋಟೊ. ತನ್ನ ಖಾತೆ ಸಂಖ್ಯೆ ಬರೆದ ಸ್ಲೇಟನ್ನು ಎದೆಗೆ ಹಿಡಿದು ನಿಂತ ಹೆಂಗಸಿನ ಚಿತ್ರ. ಅದೇ ಅವಳ ಗುರುತು. ಕೆಲಸ ಬಿಟ್ಟು ಬ್ಯಾಂಕಿಗೆ ಬಂದರೆ ಅವತ್ತಿನ ಕೂಲಿ ಹೋಗುತ್ತದಲ್ಲ, ಹಾಗಾಗಿ ಉಳಿತಾಯದ ಹಣ ಪಡೆಯಲು ಬ್ಯಾಂಕಿನವರೇ ಕೇರಿಗೆ, ಮಾರುಕಟ್ಟೆಗೆ ಹೋಗತೊಡಗಿದರು.

ಈ ಏರ್ಪಾಡು ಕನ್ನಡಿಗರಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲೇ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಪಿಗ್ಮಿ ಸಂಗ್ರಹಿಸಲು ಆರಂಭಿಸಿತ್ತು. ಪಿಗ್ಮಿ ದುಡ್ಡಿನಲ್ಲಿ ಮಗಳ ಮದುವೆ ಮಾಡಿದ, ಅಂಗಡಿ ಇಟ್ಟ ಮನೆಗಳು ಕರಾವಳಿಯಲ್ಲಿ ಬೇಕಾದಷ್ಟಿವೆ. ಅದರ ಗುಟ್ಟು ಪಿಗ್ಮಿ ಏಜೆಂಟರ ಬರವಿನಲ್ಲಿದೆ ಎಂದೇ ನನ್ನ ನಂಬಿಕೆ. ಹೊತ್ತಿಗೆ ಸರಿಯಾಗಿ ಒಬ್ಬರು ಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಾರೆ ಎಂದರೆ, ಇವತ್ತು ಬೇಡ ನಾಳೆ ನೋಡೋಣ ಎಂಬ ಮಾತು ಬಾಯಿಗೆ ಬರುವ ಮೊದಲೇ ದುಡ್ಡು ತೆಗೆದಿಟ್ಟಿರುತ್ತೇವೆ. ಮನಸ್ಸು ಗಟ್ಟಿ ಮಾಡಿಕೋ ಎಂದು ಬಡವರಿಗೆ ಉಪದೇಶಿಸುವವರು ಇದನ್ನು ಗಮನಿಸಬೇಕು.

ಹಾಗೆಂದು ಉಳಿತಾಯವೊಂದರಿಂದಲೇ ಎಲ್ಲವೂ ಆಗಿಬಿಡುತ್ತದೆ ಎಂದರೆ ಸುಳ್ಳಾದೀತು. ಹೊಟ್ಟೆಗೇ ಸಾಲದ ಕೂಲಿಯಲ್ಲಿ ಉಳಿಸುವುದಾದರೂ ಏನನ್ನು? ಕೌದಿಯೊಂದಕ್ಕೆ ಇಷ್ಟು ಮಜೂರಿ ಕೊಡಿ ಎಂದು ವ್ಯಾಪಾರಿಗಳ ಮುಂದೆ ಪಟ್ಟು ಹಿಡಿಯಲು ಸಂಘವಿತ್ತು; ಹೆಚ್ಚಿಗೆ ಬಂದ ಪುಡಿಗಾಸು ಕೈಜಾರದಂತೆ ಕಾಯಲು ಬ್ಯಾಂಕಿತ್ತು. ಎರಡೂ ಬೇಕಾಗಿದ್ದವು.

ಇದರ ಫಲ 1990ರ ದಶಕದಲ್ಲಿ ಕೊಳೆಗೇರಿಗಳಲ್ಲಿ ಕಂಡಿತು. ಅಹಮದಾಬಾದ್ ಪಾಲಿಕೆ ‘ಪರಿವರ್ತನ್’ ಯೋಜನೆಯಲ್ಲಿ ಮನೆಗೊಂದು ನಲ್ಲಿ, ಶೌಚಾಲಯ, ಒಳಚರಂಡಿ ಕೊಡಲು ಮುಂದಾದಾಗ ಪ್ರತಿ ಕುಟುಂಬ ಭರಿಸಬೇಕಾದ ಪಾಲು 2,000 ರೂಪಾಯಿ. ದಿನಕ್ಕೆ ಐದು ರೂಪಾಯಿ ತೆಗೆದಿಟ್ಟರೆ 400 ದಿನಗಳ ಲೆಕ್ಕ. ಸಂಜಯನಗರದಂಥ ಕೇರಿಗಳ ಹೆಂಗಸರು ಸೇವಾ ಬ್ಯಾಂಕಿನ ಉಳಿತಾಯ ಮತ್ತು ಸಾಲದ ನೆರವಿನಿಂದ ಆ ಹಣ ಹೊಂದಿಸಿದರು. ಬೀಡಿ ಕಟ್ಟುವವಳಿಗೆ, ಊದುಬತ್ತಿ ಹೊಸೆಯುವವಳಿಗೆ ಮನೆಯೇ ಕಾರ್ಖಾನೆ. ನೀರಿನ ಸಾಲಿನಲ್ಲಿ ಕೊಡ ಹಿಡಿದು ನಿಲ್ಲುತ್ತಿದ್ದ ಹೊತ್ತೆಲ್ಲ ಈಗ ಅವಳ ದುಡಿಮೆಯ ಹೊತ್ತಾಗಿ ತಿರುಗಿ ಬಂತು.