ಸಹಜ ಉಸಿರಿನಲ್ಲೇ ಶ್ವಾಸಕೋಶ ಪರೀಕ್ಷೆ

ಥಾಣೆಯ ಘೋಡಬಂದರ್ ರಸ್ತೆಯ ಇಕ್ಕೆಲಗಳ ವಸತಿ ಸಮುಚ್ಚಯಗಳಲ್ಲಿ ಅನೇಕ ಕನ್ನಡ ಕುಟುಂಬಗಳು ನೆಲೆಸಿವೆ. ಗುಜರಾತಿನತ್ತ ಸಾಗುವ ಲಾರಿಗಳ ಹೊಗೆಯೂ ಕಟ್ಟಡ ಕಾಮಗಾರಿಗಳ ಧೂಳೂ ಅವರ ನಿತ್ಯದ ಉಸಿರಿನಲ್ಲಿ ಬೆರೆತಿವೆ. ಕೆಮ್ಮು, ಉಬ್ಬಸಗಳು ಬಿಡದೆ ಕಾಡಿದಾಗ ವೈದ್ಯರು ಎದೆಯ ಕ್ಷ-ಕಿರಣ ಚಿತ್ರವನ್ನೂ ಸ್ಪೈರೋಮೀಟರ್ ಪರೀಕ್ಷೆಯನ್ನೂ ಸೂಚಿಸುವುದು ವಾಡಿಕೆ. ಮೊದಲನೆಯದು ಶ್ವಾಸಕೋಶದ ರಚನೆಯನ್ನು ತೋರಿಸುತ್ತದೆ. ಎರಡನೆಯದು ಊದಿದ ಗಾಳಿಯ ಒಟ್ಟು ಪ್ರಮಾಣವನ್ನೂ ವೇಗವನ್ನೂ ಅಳೆಯುತ್ತದೆ. ಆದರೆ ಶ್ವಾಸಕೋಶದ ಯಾವ ಭಾಗ ದುಡಿಯುತ್ತಿದೆ, ಯಾವುದು ಸೋತಿದೆ ಎಂಬುದು ಇವುಗಳಿಂದ ತಿಳಿಯದು. ಬಲವಾಗಿ ಊದುವುದಂತೂ ಚಿಕ್ಕ ಮಕ್ಕಳಿಗೂ ವೃದ್ಧರಿಗೂ ಕಷ್ಟಸಾಧ್ಯ.

ಎಂ.ಆರ್.ಐ. ಯಂತ್ರವು ದೇಹದ ನೀರಿನಲ್ಲಿರುವ ಜಲಜನಕದ ಪರಮಾಣುಗಳ ಸಂಕೇತದಿಂದ ಚಿತ್ರ ರಚಿಸುತ್ತದೆ. ಮಿದುಳನ್ನು ಸ್ಫುಟವಾಗಿ ತೋರುವ ಈ ಯಂತ್ರಕ್ಕೆ ಶ್ವಾಸಕೋಶ ಮಾತ್ರ ಬಹುಕಾಲ ಕತ್ತಲೆಯಾಗಿಯೇ ಉಳಿಯಿತು. ಅಲ್ಲಿ ಗಾಳಿ ಹೆಚ್ಚು, ನೀರು ಕಡಿಮೆ. ಗಾಳಿಯೂ ಅಂಗಾಂಶವೂ ಕೂಡುವ ಅಸಂಖ್ಯ ಎಡೆಗಳಲ್ಲಿ ಕಾಂತಕ್ಷೇತ್ರ ಏರುಪೇರಾಗಿ, ಸಂಕೇತ ಕ್ಷಣಮಾತ್ರದಲ್ಲಿ ಅಳಿಯುತ್ತದೆ. ಕಾಂತ ಪ್ರಬಲವಾದಷ್ಟೂ ಈ ತೊಡಕು ಹೆಚ್ಚು. ಆದುದರಿಂದಲೇ 1.5 ಅಥವಾ 3 ಟೆಸ್ಲಾ ಬಲದ ಸಾಮಾನ್ಯ ಯಂತ್ರಗಳಿಗಿಂತ 0.55 ಟೆಸ್ಲಾ ಯಂತ್ರದಲ್ಲಿ ಶ್ವಾಸಕೋಶದ ಸಂಕೇತ ಹೆಚ್ಚು ಹೊತ್ತು ಉಳಿಯುತ್ತದೆ.

ರೋಗಿ ಉಸಿರು ಬಿಗಿಹಿಡಿಯಬೇಕಾಗಿಲ್ಲ. ಸಹಜವಾಗಿ ಉಸಿರಾಡುತ್ತ ಮಲಗಿದ್ದರೆ ಸಾಕು. ಯಂತ್ರವು ಒಂದರ ಹಿಂದೊಂದು ಚಿತ್ರಗಳನ್ನು ತೆಗೆಯುತ್ತದೆ. ಗಾಳಿ ತುಂಬಿದಾಗ ಶ್ವಾಸಕೋಶದ ಸಂಕೇತ ಮಂದವಾಗುತ್ತದೆ, ಹೊರಹೋದಾಗ ಹೆಚ್ಚುತ್ತದೆ. ಹೃದಯದ ಬಡಿತದೊಡನೆ ರಕ್ತದ ಏರಿಳಿತ ಬೇರೆ. ಗಣಕಯಂತ್ರವು ಈ ಎರಡು ಲಯಗಳನ್ನು ಬೇರ್ಪಡಿಸಿ, ಗಾಳಿ ಎಲ್ಲಿ ತಲುಪುತ್ತಿದೆ, ರಕ್ತ ಎಲ್ಲಿ ಹರಿಯುತ್ತಿದೆ ಎಂಬ ನಕ್ಷೆಯನ್ನು ಒದಗಿಸುತ್ತದೆ. ಕ್ಷ-ಕಿರಣವೂ ಬೇಡ, ಚುಚ್ಚುಮದ್ದೂ ಬೇಡ.

ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕೋವಿಡ್ ಬಂದುಹೋದ 54 ಮಕ್ಕಳು ಮತ್ತು ಹದಿಹರೆಯದವರನ್ನು ಹೀಗೆ ಪರೀಕ್ಷಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ರಚನೆಯ ದೋಷ ಕಂಡದ್ದು ಒಬ್ಬರಲ್ಲಿ ಮಾತ್ರ. ಆದರೆ ಗಾಳಿ, ರಕ್ತಗಳೆರಡೂ ಸರಿಯಾಗಿ ತಲುಪುವ ಭಾಗವು ಆರೋಗ್ಯವಂತರಲ್ಲಿ ಶೇ. 81 ಇದ್ದರೆ, ಪೂರ್ಣ ಗುಣವಾದವರಲ್ಲಿ ಶೇ. 62, ತೊಂದರೆ ಉಳಿದವರಲ್ಲಿ ಶೇ. 60 ಇತ್ತು. ಗುಣವಾದವರಲ್ಲಿಯೂ ಕೊರತೆ ಕಂಡುದರಿಂದ ನಕ್ಷೆಯೊಂದೇ ಅಂತಿಮ ತೀರ್ಪಾಗಲಾರದು.

ಈ ವಿಧಾನ ಬಹುಮಟ್ಟಿಗೆ ಇನ್ನೂ ಸಂಶೋಧನೆಯ ಹಂತದಲ್ಲಿದೆ. ದಮ್ಮು ಕಾಣಿಸಿದವರು ಇದಕ್ಕಾಗಿ ಕಾಯದೆ ಸ್ಪೈರೋಮೀಟರ್ ಪರೀಕ್ಷೆಯನ್ನೇ ಮೊದಲು ಮಾಡಿಸಿಕೊಳ್ಳುವುದು ವಿವೇಕ. ಚಿತ್ರ ಸರಿಯಿದೆಯೆಂಬ ಕಾರಣಕ್ಕೆ ಮಗುವಿನ ಏದುಸಿರನ್ನು ನೆಪವೆಂದು ತಳ್ಳಿಹಾಕಬಾರದೆಂಬುದೇ ಈ ಸಂಶೋಧನೆ ತಾಯಿತಂದೆಯರಿಗೆ ಕಲಿಸುವ ಪಾಠ.