ಎರಡು ಕೆಂಡದ ಬೆಂಕಿಗಳ ನಡುವೆ

ವರ್ಷಗಟ್ಟಲೆ ಪಾಪನಿವೇದನೆಗೆ ಬಾರದವರನ್ನು ವಿಚಾರಿಸಿದರೆ ಹಲವರು ಹೇಳುವುದು ಒಂದೇ: "ಮೊದಲು ನಾನು ಸ್ವಲ್ಪ ಸರಿಯಾಗುತ್ತೇನೆ ಫಾದರ್, ಆಮೇಲೆ ಬರುತ್ತೇನೆ." ಮಾತಿನಲ್ಲಿ ವಿನಯವಿದೆ. ಆದರೆ ಇದು ಕೃಪೆಯ ಅರ್ಥವನ್ನೇ ತಲೆಕೆಳಗು ಮಾಡುತ್ತದೆ. ಕೃಪೆ ಅಥವಾ ವರಪ್ರಸಾದ ಎಂದರೆ ನಮ್ಮ ಅರ್ಹತೆ ನೋಡದೆ ದೇವರು ಉಚಿತವಾಗಿ ಕೊಡುವ ನೆರವು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1996ನೇ ಪರಿಚ್ಛೇದ ಹೇಳುವುದೂ ಇದನ್ನೇ.

ಸಂತ ಪೇತ್ರನ ಕಥೆಯಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಯೇಸುವನ್ನು ಬಂಧಿಸಿದ ರಾತ್ರಿ ಚಳಿಯಿತ್ತು. ಪ್ರಧಾನಯಾಜಕನ ಅಂಗಳದಲ್ಲಿ ಆಳುಗಳು ಕೆಂಡದ ಬೆಂಕಿ ಹಾಕಿದ್ದರು. ಅಲ್ಲಿ ಮೈ ಕಾಯಿಸಿಕೊಳ್ಳುತ್ತಲೇ ಪೇತ್ರನು ತನ್ನ ಗುರುವನ್ನು ಅರಿಯೆನೆಂದನು (ಯೊವಾನ್ನ 18). ಮಾರನೆಯ ದಿನ ಶಿಲುಬೆಯ ಬಳಿ ನಿಂತವರೆಂದು ಯೊವಾನ್ನನು ಹೇಳುವವರಲ್ಲಿ ಪೇತ್ರನ ಹೆಸರಿಲ್ಲ. ಅವನ ಪಾಪವನ್ನೂ ಹೊತ್ತು ಯೇಸು ಅವನಿಲ್ಲದೆಯೇ ಪ್ರಾಣಬಿಟ್ಟರು. ಅವನು ಸರಿಯಾಗಲಿ ಎಂದು ಶಿಲುಬೆ ಕಾಯಲಿಲ್ಲ.

ಇನ್ನೊಂದು ಬೆಂಕಿ 21ನೇ ಅಧ್ಯಾಯದಲ್ಲಿದೆ. ಪುನರುತ್ಥಾನರಾದ ಯೇಸು ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟು, ರೊಟ್ಟಿಯೊಂದಿಗೆ ಕಾದಿದ್ದಾರೆ. (ಕೆಂಡದಲ್ಲಿ ಸುಟ್ಟ ಮೀನಿನ ಪರಿಮಳವನ್ನು ಕರಾವಳಿಯವರಿಗೆ ವಿವರಿಸಬೇಕಿಲ್ಲ.) ಕೆಂಡದ ಬೆಂಕಿಗೆ ಇಲ್ಲಿ ಬಳಸಿರುವ ಗ್ರೀಕ್ ಪದ 'ಅಂಥ್ರಾಕಿಯಾ' ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಸಲ: ಆ ಅಂಗಳದಲ್ಲಿ ಮತ್ತು ಈ ದಡದಲ್ಲಿ. ಬಲೆಗೆ ಬಿದ್ದ 153 ಮೀನುಗಳ ಲೆಕ್ಕದ ಬಗ್ಗೆ ಸಂತ ಅಗಸ್ಟೀನರ ಕಾಲದಿಂದಲೂ ಚರ್ಚೆ ನಡೆದಿದೆ. ನನಗಂತೂ ಈ ಬೆಂಕಿಯೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಊಟ ಮೊದಲು, ಪ್ರಶ್ನೆ ಆಮೇಲೆ. ಈ ಕ್ರಮವನ್ನು ಗಮನಿಸಿ. ಯೇಸು ವಿವರಣೆ ಕೇಳಲಿಲ್ಲ, ಆ ರಾತ್ರಿಯನ್ನು ಹೆಸರಿಸಿ ಗದರಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ಪೇತ್ರನಿಗೆ ನೋವಾಯಿತು. ಕೃಪೆ ಎಂದರೆ 'ಹೋಗಲಿ ಬಿಡು' ಎಂದು ಗಾಯವನ್ನು ಮುಚ್ಚಿಹಾಕುವುದಲ್ಲ. ಮೂರು ಸಲ ನಿರಾಕರಿಸಿದ ಬಾಯಿಂದಲೇ ಮೂರು ಸಲ ಪ್ರೀತಿಯ ಮಾತು ಬಂತು, ಪ್ರತಿ ಸಲವೂ ಕುರಿಗಳನ್ನು ಕಾಯುವ ಹೊಣೆ ಸಿಕ್ಕಿತು. ಆ ನೆನಪಿಗಾಗಿ ಗಲಿಲೇಯದ ತಬ್ಗಾದಲ್ಲಿ ಫ್ರಾನ್ಸಿಸ್ಕನರು 1933ರಲ್ಲಿ ಕಟ್ಟಿದ ಪುಟ್ಟ ದೇವಾಲಯ ಇಂದಿಗೂ ಇದೆ.

ಅಲ್ಲಿಗೇ ಮುಗಿಯಲಿಲ್ಲ. ಮುಪ್ಪಿನಲ್ಲಿ ನೀನು ಕೈಚಾಚುವೆ, ಬೇರೊಬ್ಬನು ನಿನಗೆ ಇಷ್ಟವಿಲ್ಲದ ಕಡೆಗೆ ನಿನ್ನನ್ನು ಒಯ್ಯುವನು ಎಂದು ಯೇಸು ಅವನಿಗೆ ಮುಂದಾಗಿ ತಿಳಿಸಿದರು. ಸೇವಕಿಯ ಒಂದು ಪ್ರಶ್ನೆಗೆ ಹೆದರಿದ್ದ ಈ ಮನುಷ್ಯನು ರೋಮ್ ನಗರದಲ್ಲಿ, ನೀರೋ ಚಕ್ರವರ್ತಿಯ ಕಾಲದಲ್ಲಿ, ತಾನೇ ಶಿಲುಬೆಯ ಮೇಲೆ ಪ್ರಾಣ ಕೊಟ್ಟನೆಂಬುದು ಧರ್ಮಸಭೆಯ ಪುರಾತನ ಪರಂಪರೆ.