ದಾರಿಯಲ್ಲಿ ಬಿದ್ದಿದ್ದ ಹಣದ ಗಂಟು

ರಾತ್ರಿಯ ಊಟವಾದ ಮೇಲೆ ಜಗಲಿಯಲ್ಲಿ ನಾಲ್ವರು ಕೂಡಿ ಒಗಟು ಹಾಕುವ, ಬಿಡಿಸುವ ವಾಡಿಕೆಯು ನಮ್ಮ ನಾಡಿನ ಮನೆಗಳಲ್ಲಿ ಬಹುಕಾಲದಿಂದ ನಡೆದು ಬಂದುದು. ಗಣಿತದ ಸಮಸ್ಯೆಗಳಾದರೋ ಪಾಠಶಾಲೆಯ ಸೊತ್ತೆಂದೂ, ಒಬ್ಬೊಬ್ಬನೇ ಮೂಲೆಯಲ್ಲಿ ಕುಳಿತು ತಲೆ ಕೆರೆದುಕೊಂಡು ಮಾಡತಕ್ಕ ಕಾರ್ಯವೆಂದೂ ಬಹುಜನರ ಭಾವನೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿದ ನಮಗೂ ಆ ಭಾವನೆಯೇ ಇದ್ದಿತು. ಅದು ಸಡಿಲಿದ್ದು ಒಂದು ಹಳೆಯ ಗ್ರಂಥದಿಂದಲೂ ಕಳೆದ ಮಳೆಗಾಲದ ಒಂದು ರಾತ್ರಿಯಿಂದಲೂ.

ಗ್ರಂಥವು ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಸಂಸ್ಕೃತ ಶ್ಲೋಕಗಳಲ್ಲಿ ರಚಿತವಾದ ಇದನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಶಾಸ್ತ್ರಗ್ರಂಥವೆಂದು ವಾಚಕರು ಅಂಜಬೇಕಾದುದಿಲ್ಲ. ಅದರೊಳಗೆ ಕಾಡಿನ ಆನೆಗಳ ಹಿಂಡುಂಟು, ಹರಿದು ಚೆಲ್ಲಿದ ಮುತ್ತಿನ ಹಾರವುಂಟು, ಹಣ್ಣು ಹಂಚಿಕೊಳ್ಳುವವರೂ ವ್ಯಾಪಾರಿಗಳೂ ಉಂಟು. ಪ್ರಶ್ನೆಗಳನ್ನು ಎದುರಿಗೆ ಕುಳಿತವನಿಗೆ ಕೇಳಿದಂತೆಯೇ ಬರೆದಿರುವುದು. 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿಯೂ ಹೀಗೆಯೇ, ‘ಬಾಲೇ’ ಎಂದೊಮ್ಮೆ, ‘ಸಖೇ’ ಎಂದೊಮ್ಮೆ ಕರೆದು ಉತ್ತರವನ್ನು ಕೇಳುವರು. ಈ ಸಂಬೋಧನೆಗಳನ್ನು ನಾವು ಬಹುಕಾಲ ಛಂದಸ್ಸು ತುಂಬುವುದಕ್ಕಾಗಿ ಬಂದ ಮಾತುಗಳೆಂದೇ ಎಣಿಸಿದ್ದೆವು!

ಆ ರಾತ್ರಿ ಮಳೆಗೆ ವಿದ್ಯುದ್ದೀಪವು ಆರಿಹೋಗಿತ್ತು. ಜಗಲಿಯಲ್ಲಿ ನಮ್ಮ ತಾಯಿಯವರು, ಸೊಸೆ, ಕಾಲೇಜಿಗೆ ಹೋಗುವ ತಮ್ಮನ ಮಗ, ನೆರೆಮನೆಯ ಜೋಳದ ವರ್ತಕರು, ಏಳನೆಯ ತರಗತಿಯಲ್ಲಿ ಓದುವ ಅವರ ಮಗಳು, ಇಷ್ಟು ಮಂದಿ. ಹೊತ್ತು ಹೋಗದೆ ನಾವು ಮಹಾವೀರರ ಪ್ರಶ್ನೆಯೊಂದನ್ನು ಕನ್ನಡದಲ್ಲಿ ಹೇಳಿದೆವು. ಮೂವರು ವರ್ತಕರು ದಾರಿಯಲ್ಲಿ ಬಿದ್ದಿದ್ದ ಹಣದ ಗಂಟೊಂದನ್ನು ಕಂಡರು. ಮೊದಲನೆಯವನು, “ಈ ಗಂಟು ನನಗೆ ದೊರೆತರೆ ನಿಮ್ಮಿಬ್ಬರ ಕೈಯಲ್ಲಿರುವ ಹಣದ ಎರಡರಷ್ಟು ನನ್ನದಾಗುವುದು” ಎಂದನು. ಎರಡನೆಯವನು, “ನನಗೆ ದೊರೆತರೆ ನಿಮ್ಮಿಬ್ಬರದರ ಮೂರರಷ್ಟು” ಎಂದನು. ಮೂರನೆಯವನು, “ನನಗಾದರೆ ಐದರಷ್ಟು” ಎಂದನು. ಗಂಟಿನಲ್ಲಿದ್ದುದೆಷ್ಟು? ಒಬ್ಬೊಬ್ಬರ ಕೈಯಲ್ಲಿದ್ದುದೆಷ್ಟು?

ತಮ್ಮನ ಮಗನು ಕೂಡಲೆ ಮೊಬೈಲನ್ನು ತೆಗೆದನು. “ಅದನ್ನು ಒಳಗಿಡಪ್ಪ, ಅದು ನಮ್ಮ ಜೊತೆ ಆಡುವುದಿಲ್ಲ” ಎಂದರು ತಾಯಿಯವರು. ವರ್ತಕರು ಹತ್ತೆಂದರು, ಇಪ್ಪತ್ತೆಂದರು, ಯಾವುದೂ ಹೊಂದಲಿಲ್ಲ. ಅಷ್ಟರಲ್ಲಿ ತಾಯಿಯವರು, “ಗಂಟನ್ನೂ ಮೂವರ ಹಣವನ್ನೂ ಒಂದೇ ಹರಿವಾಣಕ್ಕೆ ಸುರಿದುಬಿಡಿ. ಮೊದಲನೆಯವನಿಗೆ ಎರಡು ಪಾಲು, ಉಳಿದಿಬ್ಬರಿಗೆ ಒಂದು ಪಾಲು, ಎಲ್ಲ ಸೇರಿ ಮೂರು ಪಾಲಾಯಿತಲ್ಲ” ಎಂದರು. ಶಾಲೆಯನ್ನು ನಾಲ್ಕನೆಯ ತರಗತಿಗೇ ಬಿಟ್ಟವರು ಅವರು. ಇಡೀ ಸಮಸ್ಯೆಯ ಬೀಗದಕೈ ಆ ಮಾತಿನಲ್ಲಿದ್ದಿತು. ಎರಡನೆಯವನೂ ಮೂರನೆಯವನೂ ಸೇರಿದರೆ ರಾಶಿಯ ಮೂರನೆಯ ಒಂದು ಪಾಲು. ಅದೇ ಬಗೆಯಲ್ಲಿ ಮೊದಲನೆಯವನೂ ಮೂರನೆಯವನೂ ಸೇರಿದರೆ ನಾಲ್ಕನೆಯ ಒಂದು ಪಾಲು. ಮೊದಲಿಬ್ಬರು ಸೇರಿದರೆ ಆರನೆಯ ಒಂದು ಪಾಲು.

“ಹಾಗಾದರೆ ರಾಶಿಯನ್ನು ಹನ್ನೆರಡು ಎಂದು ಇಟ್ಟುಕೊಂಡು ನೋಡೋಣವೇ?” ಎಂದಳು ವರ್ತಕರ ಮಗಳು.

“ಊಹೆಯು ಗಣಿತವಲ್ಲ” ಎಂಬ ಮಾತು ನಮ್ಮ ನಾಲಗೆಯ ತುದಿಗೆ ಬಂದಿತ್ತು. ಆ ಮಾತನ್ನು ಹಿಂದೊಮ್ಮೆ ನಾವು ಆಡಿದ್ದೆವು. ಲೀಲಾವತಿಯ ದುಂಬಿಗಳ ಲೆಕ್ಕವನ್ನು ತರಗತಿಯಲ್ಲಿ ಕೊಟ್ಟ ದಿನ ಅದು. ಹಿಂಡಿನಲ್ಲಿ ಐದನೆಯ ಒಂದು ಭಾಗ ಕದಂಬಕ್ಕೆ, ಮೂರನೆಯ ಒಂದು ಭಾಗ ಶಿಲೀಂಧ್ರದ ಹೂವಿಗೆ, ಇವೆರಡರ ಅಂತರದ ಮೂರರಷ್ಟು ಕುಟಜಕ್ಕೆ ಹೋದವು. ಒಂದು ದುಂಬಿ ಮಾತ್ರ ಆಗಸದಲ್ಲಿ ಸುಳಿಯುತ್ತಿದೆ. ಒಬ್ಬ ಹುಡುಗನು ಹಿಂಡನ್ನು 30 ಎಂದು ಹಿಡಿದು, ಎರಡು ದುಂಬಿಗಳು ಉಳಿಯುವುದನ್ನು ಕಂಡು, ಒಂದೇ ಉಳಿಯಬೇಕಾದುದರಿಂದ ಅರ್ಧ ಮಾಡಿ 15 ಎಂದು ಬರೆದನು. ಉತ್ತರವು ಸರಿಯಾಗಿದ್ದರೂ ನಾವು ಕೆಂಪು ಗೆರೆ ಎಳೆದು, ಎಲ್ಲರೆದುರಿಗೆ ಆ ಮಾತನ್ನು ಹೇಳಿದೆವು. ಅವನು ಆಮೇಲೆ ನಮ್ಮ ತರಗತಿಯಲ್ಲಿ ಕೈ ಎತ್ತಿದುದನ್ನು ನಾವು ಕಾಣೆವು. ಬೇಕಾದ ಸಂಖ್ಯೆಯನ್ನು ಇಟ್ಟುಕೊಂಡು, ಬಂದ ಫಲವನ್ನು ನೋಡಿ ತ್ರೈರಾಶಿಕದಿಂದ ತಿದ್ದಿಕೊಳ್ಳುವುದಕ್ಕೆ ಭಾಸ್ಕರಾಚಾರ್ಯರು ‘ಇಷ್ಟಕರ್ಮ’ವೆಂದು ಹೆಸರಿಟ್ಟು ವಿಧಿಯನ್ನೇ ಹೇಳಿರುವರು; ದುಂಬಿಗಳ ಉದಾಹರಣೆಯೂ ಆ ಪ್ರಕರಣದಲ್ಲಿಯೇ ಬರುವುದು. ಶ್ಲೋಕವು ನಮಗೆ ಕಂಠಪಾಠವಾಗಿದ್ದಿತು. ಹುಡುಗನು ಆಚಾರ್ಯರ ದಾರಿಯಲ್ಲಿಯೇ ನಡೆದಿದ್ದನೆಂಬುದು ಹೊಳೆಯುವಷ್ಟರಲ್ಲಿ ಅವನು ಶಾಲೆ ಬಿಟ್ಟು ವರ್ಷಗಳಾಗಿದ್ದುವು.

“ಇಟ್ಟುಕೋ ಮಗು” ಎಂದೆವು.

ಹನ್ನೆರಡಕ್ಕೆ ಆ ಜೋಡಿಗಳು ನಾಲ್ಕು, ಮೂರು, ಎರಡು ಆದುವು; ಕೂಡಿದರೆ ಒಂಬತ್ತು. ಒಬ್ಬೊಬ್ಬನೂ ಎರಡೆರಡು ಸಲ ಎಣಿಕೆಗೆ ಬಂದಿರುವನೆಂದು ತಮ್ಮನ ಮಗನು ಕಂಡುಹಿಡಿದನು. ಆದುದರಿಂದ ಮೂವರ ಹಣ ನಾಲ್ಕೂವರೆ. “ಅರ್ಧ ನಾಣ್ಯವನ್ನು ಯಾರು ಕೊಡುವರು?” ಎಂದು ವರ್ತಕರು ಗೊಣಗಿದರು. ಒಳಗೆ ಪಾತ್ರೆ ತೊಳೆಯಲೆಂದು ಎದ್ದಿದ್ದ ಸೊಸೆಯು ಬಾಗಿಲಲ್ಲೇ ನಿಂತು, “ಇಪ್ಪತ್ತನಾಲ್ಕು ಇಟ್ಟುಕೊಳ್ಳಿ” ಎಂದಳು. ಆಗ ಜೋಡಿಗಳು 8, 6, 4, ಮೂವರ ಹಣ 9, ಗಂಟಿನಲ್ಲಿ 15. ಒಂಬತ್ತರಲ್ಲಿ ಒಂದೊಂದು ಜೋಡಿಯನ್ನು ಕಳೆಯಲು, ವರ್ತಕರ ಕೈಯಲ್ಲಿ ಕ್ರಮವಾಗಿ 1, 3, 5. ತಾಳೆ ನೋಡಿದೆವು: ಹದಿನಾರು ಎಂಟರ ಎರಡರಷ್ಟು, ಹದಿನೆಂಟು ಆರರ ಮೂರರಷ್ಟು, ಇಪ್ಪತ್ತು ನಾಲ್ಕರ ಐದರಷ್ಟು. ಇವನ್ನೆಲ್ಲ ಇಮ್ಮಡಿಯೋ ಮುಮ್ಮಡಿಯೋ ಮಾಡಿದರೂ ಸಮಸ್ಯೆಯು ಹೊಂದುವುದು; ಪೂರ್ಣಾಂಕಗಳಲ್ಲಿ ಅತಿ ಚಿಕ್ಕ ಉತ್ತರ ಇದು. ನಾವೊಬ್ಬರೇ ಕಾಗದದ ಮೇಲೆ ಇದನ್ನು ಹಿಂದೆ ಮಾಡಿದ್ದೆವು, ಕಾಲು ಘಂಟೆಯಲ್ಲಿ. ಜಗಲಿಯಲ್ಲಿ ಒಂದೂವರೆ ಘಂಟೆ ಹಿಡಿಯಿತು. ದೀಪವು ನಡುವೆಯೇ ಬಂದಿದ್ದರೂ ಯಾರೂ ಒಳಗೆ ಹೋಗಿರಲಿಲ್ಲ.

ಮಾರನೆಯ ಸಂಜೆ ಆ ಹುಡುಗಿಯು ತಾನೇ ಒಂದು ಪ್ರಶ್ನೆಯನ್ನು ತಂದಳು. ವರ್ತಕರು ಅವರೇ, ದಾರಿಯೂ ಅದೇ. ಎರಡರಷ್ಟು, ಮೂರರಷ್ಟು, ಐದರಷ್ಟು ಎಂಬಲ್ಲಿ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂದು ಬದಲಿಸಿದ್ದಳು. ಸುಲಭವಾದೀತೆಂದು ನಾವು ತಿಳಿದೆವು. ಹರಿವಾಣದ ಉಪಾಯವು ಹಿಂದಿನದೇ ಆದರೂ ಸಂಖ್ಯೆಗಳು ಅಷ್ಟು ಸಾಧುವಾಗಿರಲಿಲ್ಲ. ಮೂರು ಸಂಜೆ ಹಿಡಿದ ಆ ಉತ್ತರವನ್ನು ಇಲ್ಲಿ ಅಚ್ಚು ಹಾಕಿಸೆವು. ವಾಚಕರ ಮನೆಗಳಲ್ಲಿಯೂ ಜಗಲಿಗಳಿರುವುವು. ಇಷ್ಟನ್ನು ಮಾತ್ರ ತಿಳಿಸಬಹುದು: ಉತ್ತರವನ್ನು ಕೇಳಿದ ಜೋಳದ ವರ್ತಕರು, ಗಂಟು ಇಷ್ಟು ಭಾರವೆಂದು ಮೊದಲೇ ಗೊತ್ತಿದ್ದರೆ ಮಾತಿಗೆ ನಿಲ್ಲದೆ ಎತ್ತಿಕೊಂಡು ಹೋಗುತ್ತಿದ್ದೆನೆಂದರು.